ಹಿಂದಿನ ಸಾಲದ ಬಾಕಿಯುಳ್ಳ ರೈತರು ಜಮೀನಿನ ಆಧಾರದ ಮೇಲೆ ಹೊಸ ಸಾಲ ಪಡೆಯುವ ಕ್ರಮ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯ ಮೇಲೆ, ಬಂಡೀಪುರದ ಕಾಡಿನ ಅಂಚಿನಲ್ಲಿರುವ ಮದ್ದೂರಿನ ಸುತ್ತಮುತ್ತ ಬೇಸಾಯವು ಬಹುಮಟ್ಟಿಗೆ ಮಳೆಯನ್ನೂ ಕೊಳವೆ ಬಾವಿಯನ್ನೂ ನಂಬಿಕೊಂಡಿರುತ್ತದೆ. ಸೂರ್ಯಕಾಂತಿ, ಚೆಂಡುಹೂವು, ಅರಿಸಿನ, ಸಣ್ಣ ಈರುಳ್ಳಿ, ಬಾಳೆ, ತರಕಾರಿ, ರಾಗಿ, ಜೋಳ, ಹುರುಳಿ ಇವು ಈ ಸೀಮೆಯ ಬೆಳೆಗಳು. ಮಳೆ ತಪ್ಪಿದರೆ ಬಿತ್ತಿದ್ದು ಒಣಗುವುದು. ಬಾವಿ ಬತ್ತಿದರೆ ಅರಿಸಿನವೂ ಬಾಳೆಯೂ ಕೈಬಿಡುವುವು. ಎರಡೂ ಸರಿಯಾಗಿದ್ದರೆ ಆನೆ, ಕಾಡುಹಂದಿಗಳ ಕಾಟ, ಇಲ್ಲವೆ ಮಾರುಕಟ್ಟೆಯಲ್ಲಿ ಧಾರಣೆಯ ಕುಸಿತ. ೨೦೨೩ನೆಯ ವರ್ಷದಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೦೦ಕ್ಕೂ ಮೇಲ್ಪಟ್ಟು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಗಿ ಬಂದಿತು. ಇಂತಹ ವರ್ಷಗಳಲ್ಲಿ ಪ್ರಾಮಾಣಿಕನಾದ ರೈತನ ಕಂತು ಕೂಡ ತಪ್ಪುವುದು ಆಶ್ಚರ್ಯವಲ್ಲ.

ಆದರೆ ಕಂತು ಒಮ್ಮೆ ತಪ್ಪಿದವರಲ್ಲಿ ಅನೇಕರು, ತಮಗೆ ಇನ್ನು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲವೆಂದು ತಾವಾಗಿಯೇ ತೀರ್ಮಾನಿಸಿ ಬ್ಯಾಂಕಿನ ಬಾಗಿಲಿಗೆ ಹೋಗುವುದನ್ನೇ ಬಿಡುತ್ತಾರೆ. ಈ ಭಾವನೆ ಸರಿಯಲ್ಲ. ಹಳೆಯ ಬಾಕಿಯು ಹೊಸ ಸಾಲಕ್ಕೆ ಅಡ್ಡಿಯಾಗುವುದು ನಿಜ. ಆದರೆ ಅದು ತೀರದೆ ಉಳಿದಿರುವಾಗ ಆಗುವ ಅಡ್ಡಿಗೂ, ತೀರಿದೆಯೆಂದು ಕಾಗದದಲ್ಲಿ ಕಾಣುವಾಗ ಆಗುವ ಅಡ್ಡಿಗೂ ಬಹಳ ವ್ಯತ್ಯಾಸವಿದೆ. ಬಾಕಿಯನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಅದನ್ನು ತೀರಿಸಿ, ತೀರಿದ ಗುರುತನ್ನು ಎಲ್ಲ ದಾಖಲೆಗಳಲ್ಲಿಯೂ ಬರೆಸಿ, ಜಮೀನಿನ ಹುಟ್ಟುವಳಿ ತಾಳಬಲ್ಲಷ್ಟನ್ನೇ ಕೇಳುವುದರಿಂದ ಪ್ರಯೋಜನವಿದೆ. ಅದರ ಕ್ರಮವನ್ನು ಮುಂದೆ ವಿವರಿಸಿದೆ.

೧. ಸಾಲ ನಿರಾಕರಣೆಯಿಂದಾಗುವ ಕೇಡು

ಬ್ಯಾಂಕಿನಲ್ಲಿಯೂ ಸಂಘದಲ್ಲಿಯೂ ಸಾಲ ಸಿಕ್ಕದ ರೈತನು ಖಾಸಗಿ ಲೇವಾದೇವಿಗಾರನ ಬಳಿಗೆ ಹೋಗುತ್ತಾನೆ. ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವಾಗ ಅಲ್ಪವೆಂದು ತೋರುವುದು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇಕಡಾ ೩೬ ಆಗುವುದು. ಇದಕ್ಕಿಂತಲೂ ಹೆಚ್ಚಿನ ಅಪಾಯವು ಬರೆದುಕೊಡುವ ಪತ್ರದಲ್ಲಿರುತ್ತದೆ. ಸಾಲಕ್ಕೆ ಆಧಾರವೆಂದು ಹೇಳಿ ಕ್ರಯಪತ್ರವನ್ನಾಗಲಿ, ಕ್ರಯದ ಕರಾರನ್ನಾಗಲಿ, ಮುಖ್ತಿಯಾರ್ ಪತ್ರವನ್ನಾಗಲಿ ಬರೆಸಿಕೊಂಡಲ್ಲಿ ವಾಯಿದೆ ತಪ್ಪಿದ ದಿನ ಜಮೀನೇ ಕೈಬಿಟ್ಟು ಹೋಗಬಹುದು. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯಿದೆಯು ಕರ್ನಾಟಕದಲ್ಲಿ ೨೦೦೪ರಲ್ಲಿಯೇ ಬಂದಿದೆ. ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯುವ ಕಾನೂನು ೨೦೨೫ರಲ್ಲಿ ಬಂದಿತು. ಆದರೂ ಕಾನೂನಿನ ರಕ್ಷಣೆಯನ್ನು ಆಮೇಲೆ ಹುಡುಕುವುದಕ್ಕಿಂತ ಬ್ಯಾಂಕಿನ ಬಾಗಿಲನ್ನು ಮುಂಚಿತವಾಗಿಯೇ ತೆರೆದಿಟ್ಟುಕೊಳ್ಳುವುದು ಲೇಸು.

೨. ಆಧಾರ ಸಾಲದ ಪೂರ್ವ ವೃತ್ತಾಂತ

ಹಳೆಯ ಸಾಲವುಳ್ಳವರಿಗೆ ಭೂಮಿಯ ಆಧಾರದ ಮೇಲೆ ಸಾಲ ಕೊಡುವುದು ಹೊಸ ವಿಚಾರವೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ೧೯೦೫ರಲ್ಲಿ ಜಾರಿಗೆ ಬಂದಿತು. ಸಂಘಗಳು ಬಿತ್ತನೆಗೆ ಬೇಕಾದ ಅಲ್ಪಾವಧಿಯ ಸಾಲವನ್ನು ಕೊಡುತ್ತಿದ್ದುವೇ ಹೊರತು, ವರ್ಷಗಟ್ಟಲೆ ಬೆಳೆದು ನಿಂತ ಹಳೆಯ ಸಾಲವನ್ನು ತೀರಿಸುವ ಶಕ್ತಿ ಅವುಗಳಿಗಿರಲಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ೧೯೨೯ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಸಾಹುಕಾರರಲ್ಲಿದ್ದ ಹಳೆಯ ಸಾಲವನ್ನು ತೀರಿಸಿ, ಅದರ ಸ್ಥಳದಲ್ಲಿ ಅಲ್ಪ ಬಡ್ಡಿಯ ದೀರ್ಘಾವಧಿ ಸಾಲವನ್ನು ಇಡುವುದೇ ಇಂತಹ ಬ್ಯಾಂಕುಗಳ ಮೊದಲ ಮುಖ್ಯೋದ್ದೇಶವಾಗಿದ್ದಿತು. ಇಂದು ತಾಲ್ಲೂಕುಗಳಲ್ಲಿ ಜನರು ಪಿ. ಎಲ್. ಡಿ. ಬ್ಯಾಂಕೆಂದು ಕರೆಯುವ ಪ್ರಾಥಮಿಕ ಸಹಕಾರಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕುಗಳು ಆ ಪರಂಪರೆಗೆ ಸೇರಿದವು.

ಈ ವೃತ್ತಾಂತದಿಂದ ತಿಳಿಯತಕ್ಕ ಸಂಗತಿಯೇನೆಂದರೆ, ಆಗಲೂ ಬ್ಯಾಂಕು ಕೇಳುತ್ತಿದ್ದುದು ರೈತನಿಗೆ ಸಾಲವಿದೆಯೇ ಇಲ್ಲವೇ ಎಂಬುದನ್ನಲ್ಲ. ಸಾಲವೆಷ್ಟು, ಜಮೀನಿನ ಹಕ್ಕು ಶುದ್ಧವಾಗಿದೆಯೇ, ಹುಟ್ಟುವಳಿಯಿಂದ ಕಂತು ತೀರುವುದೇ ಎಂಬ ಮೂರನ್ನು. ಇಂದಿಗೂ ಪರೀಕ್ಷೆಯು ಈ ಮೂರರ ಮೇಲೆಯೇ ನಡೆಯುತ್ತದೆ.

೩. ಸಾಲದ ಚರಿತ್ರೆಯ ಪತ್ರ

ಹಿಂದೆ ರೈತನ ನಡತೆಯನ್ನು ಊರಿನವರಿಂದ ಕೇಳಿ ತಿಳಿಯುತ್ತಿದ್ದರು. ಈಗ ೨೦೦೫ರ ಸಾಲ ಮಾಹಿತಿ ಸಂಸ್ಥೆಗಳ ಕಾಯಿದೆಯ ಪ್ರಕಾರ, ಬ್ಯಾಂಕುಗಳೂ ಹಣಕಾಸಿನ ಕಂಪನಿಗಳೂ ತಾವು ಕೊಟ್ಟ ಪ್ರತಿಯೊಂದು ಸಾಲದ ವಿವರವನ್ನು ಮಾಹಿತಿ ಸಂಸ್ಥೆಗಳಿಗೆ ಕಳುಹಿಸುತ್ತವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ಕೆಲಸವನ್ನು ಮಾಡುತ್ತಿವೆ. ಇವುಗಳಲ್ಲಿ ಮೊದಲಿನದರ ಹೆಸರೇ ಜನರ ಬಾಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದರಿಂದ ಎಲ್ಲಕ್ಕೂ ಸಿಬಿಲ್ ಎಂದೇ ಕರೆಯುವ ರೂಢಿ ಬಂದಿದೆ. ಸಾಲಗಾರನಿಗೆ ೩೦೦ರಿಂದ ೯೦೦ರವರೆಗೆ ಅಂಕವನ್ನು ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ನಂಬಿಕೆ ಹೆಚ್ಚು.

ಪ್ರತಿಯೊಬ್ಬನೂ ಈ ನಾಲ್ಕು ಸಂಸ್ಥೆಗಳಿಂದಲೂ ವರ್ಷಕ್ಕೆ ಒಂದು ಸಲ ತನ್ನ ಪೂರ್ಣ ಪತ್ರವನ್ನು ಹಣ ಕೊಡದೆ ಪಡೆಯಬಹುದೆಂದು ರಿಜರ್ವ್ ಬ್ಯಾಂಕು ೨೦೧೭ರಿಂದ ಗೊತ್ತುಪಡಿಸಿದೆ. ತನ್ನ ಪತ್ರವನ್ನು ತಾನು ನೋಡುವುದರಿಂದ ಅಂಕವು ಕಡಿಮೆಯಾಗುವುದಿಲ್ಲ. ಆದರೆ ಒಂದೇ ಸಮಯದಲ್ಲಿ ಐದಾರು ಕಡೆ ಅರ್ಜಿ ಹಾಕಿ, ಆ ಸಂಸ್ಥೆಗಳೆಲ್ಲವೂ ಪತ್ರವನ್ನು ತರಿಸಿ ನೋಡಿದಲ್ಲಿ ಅಂಕಕ್ಕೆ ಪೆಟ್ಟು ಬೀಳುತ್ತದೆ. ಆದುದರಿಂದ ಅರ್ಜಿ ಹಾಕುವುದಕ್ಕೆ ಆರು ತಿಂಗಳಾದರೂ ಮುಂಚೆ ಪತ್ರವನ್ನು ತಾನೇ ತರಿಸಿ, ಓದು ಬಲ್ಲ ಮಗನಿಂದಲೋ ಮಗಳಿಂದಲೋ ಓದಿಸಿ, ಈ ಕೆಳಗಿನ ಸಂಗತಿಗಳನ್ನು ನೋಡತಕ್ಕದ್ದು.

(ಅ) ಹೆಸರು, ಜನ್ಮ ದಿನಾಂಕ, ವಿಳಾಸ ಸರಿಯಾಗಿವೆಯೇ? ಒಂದೇ ಹೆಸರಿನವರು ಅನೇಕರಿರುವ ಊರುಗಳಲ್ಲಿ ಒಬ್ಬನ ಸಾಲವು ಇನ್ನೊಬ್ಬನ ಪತ್ರದಲ್ಲಿ ಸೇರಿಕೊಳ್ಳುವುದುಂಟು.

(ಆ) ತೀರಿಸಿದ ಸಾಲವು ಇನ್ನೂ ತೀರದೆ ಇರುವಂತೆ ಕಾಣುತ್ತಿದೆಯೇ? ಟ್ರ್ಯಾಕ್ಟರಿನ ಸಾಲ, ಒಡವೆಯ ಸಾಲ, ದ್ವಿಚಕ್ರ ವಾಹನದ ಸಾಲಗಳಲ್ಲಿ ಕೊನೆಯ ಅಲ್ಪ ಮೊತ್ತವು ಉಳಿದುಹೋಗಿ ವರ್ಷಗಟ್ಟಲೆ ಬಾಕಿಯೆಂದು ತೋರುತ್ತಿರಬಹುದು.

(ಇ) ಇನ್ನೊಬ್ಬರಿಗೆ ಜಾಮೀನು ನಿಂತ ಸಾಲವಿದೆಯೇ? ಸಾಲ ಪಡೆದವನು ಕಟ್ಟದಿದ್ದರೆ ಜಾಮೀನುದಾರನ ಪತ್ರದಲ್ಲಿಯೂ ಅದು ಕಾಣುತ್ತದೆ.

(ಈ) ಮನೆಯ ಹೆಂಗಸರ ಹೆಸರಿನಲ್ಲಿ ಸಣ್ಣ ಸಾಲದ ಕಂಪನಿಗಳಿಂದ ಪಡೆದ ಹಣದ ಕಂತುಗಳು ಕ್ರಮವಾಗಿ ಸಂದಿವೆಯೇ? ಪತ್ನಿಯನ್ನು ಸಹಸಾಲಗಾರಳನ್ನಾಗಿ ಸೇರಿಸುವಲ್ಲಿ ಆಕೆಯ ಪತ್ರವನ್ನೂ ನೋಡುತ್ತಾರೆ.

ತಪ್ಪು ಕಂಡುಬಂದಲ್ಲಿ ಸಾಲ ಕೊಟ್ಟ ಬ್ಯಾಂಕಿಗೂ ಮಾಹಿತಿ ಸಂಸ್ಥೆಗೂ ಬರಹದಲ್ಲಿ ದೂರು ಕೊಟ್ಟು, ಕೊಟ್ಟ ದಿನಾಂಕದ ಗುರುತನ್ನು ಇಟ್ಟುಕೊಳ್ಳಬೇಕು. ಮೂವತ್ತು ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ೧೦೦ ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಸಲ್ಲತಕ್ಕದ್ದೆಂದು ರಿಜರ್ವ್ ಬ್ಯಾಂಕು ೨೦೨೩ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿದೆ. ತಪ್ಪಲ್ಲದ, ನಿಜವಾದ ಬಾಕಿಯನ್ನು ಮಾತ್ರ ಯಾರೂ ಅಳಿಸಲಾರರು. ಹಣ ಕೊಟ್ಟರೆ ಅಂಕವನ್ನು ಏರಿಸಿ ಕೊಡುವೆವೆಂದು ಹೇಳುವ ಮಧ್ಯವರ್ತಿಗಳನ್ನು ನಂಬಕೂಡದು.

ಸಹಕಾರ ಸಂಘದ ಬಾಕಿಯು ಈ ಪತ್ರದಲ್ಲಿ ಕಾಣದಿದ್ದರೂ ಸಂಘದ ಲೆಡ್ಜರಿನಲ್ಲಿ ಇದ್ದೇ ಇರುತ್ತದೆ. ಬ್ಯಾಂಕುಗಳು ಸಂಘದ ಬೇಬಾಕಿ ಪತ್ರವನ್ನು ಕೇಳುವುದರಿಂದ ಅದನ್ನು ಲಕ್ಷ್ಯಕ್ಕೆ ತಾರದೆ ಬಿಡುವುದು ಸರಿಯಲ್ಲ.

೪. ಹಳೆಯ ಬಾಕಿಯನ್ನು ತೀರಿಸುವ ಬಗೆ

ಬಾಕಿಯನ್ನು ತೀರಿಸಲು ಮೂರು ದಾರಿಗಳಿವೆ.

ಮೊದಲನೆಯದು, ಅಸಲು ಬಡ್ಡಿಗಳನ್ನು ಪೂರ್ತಿಯಾಗಿ ಕಟ್ಟುವುದು. ಹೀಗೆ ಮಾಡಿದಲ್ಲಿ ಪತ್ರದಲ್ಲಿ ಸಾಲವು ‘ಮುಕ್ತಾಯ’ ಎಂದು ಕಾಣುತ್ತದೆ. ಹೊಸ ಸಾಲದ ದೃಷ್ಟಿಯಿಂದ ಇದು ಅತ್ಯುತ್ತಮವಾದದ್ದು.

ಎರಡನೆಯದು, ಒಂದಾವರ್ತಿ ತೀರುವಳಿ. ಬ್ಯಾಂಕು ಬಡ್ಡಿಯಲ್ಲಿ ಒಂದು ಭಾಗವನ್ನೋ ಕೆಲವು ವೇಳೆ ಅಸಲಿನಲ್ಲಿಯೂ ಸ್ವಲ್ಪವನ್ನೋ ಬಿಟ್ಟುಕೊಟ್ಟು ಒಂದೇ ಮೊತ್ತದಲ್ಲಿ ಲೆಕ್ಕ ಮುಗಿಸುತ್ತದೆ. ರೈತನಿಗೆ ಆ ಹೊತ್ತಿಗೆ ಲಾಭವಾಗುವುದು ನಿಜ. ಆದರೆ ಪತ್ರದಲ್ಲಿ ‘ಮುಕ್ತಾಯ’ ಎಂದಲ್ಲದೆ ‘ರಾಜಿ’ ಎಂಬ ಅರ್ಥದ ಗುರುತು ಬೀಳುತ್ತದೆ. ಬ್ಯಾಂಕಿಗೆ ಪೂರ್ತಿ ಹಣ ಬರಲಿಲ್ಲವೆಂದು ಮುಂದೆ ನೋಡುವವರಿಗೆ ಇದರಿಂದ ತಿಳಿಯುತ್ತದೆ. ಮಾಹಿತಿ ಸಂಸ್ಥೆಗಳು ಇಂತಹ ವಿವರಗಳನ್ನು ಏಳು ವರ್ಷಗಳಿಗೆ ಕಡಿಮೆಯಿಲ್ಲದಂತೆ ಇಟ್ಟುಕೊಳ್ಳುತ್ತವೆ. ಆದಕಾರಣ ಎರಡು ಮೂರು ವರ್ಷಗಳಲ್ಲಿ ಜಮೀನಿನ ಮೇಲೆ ದೊಡ್ಡ ಸಾಲ ಬೇಕಾಗಿರುವವರು, ಬಿಟ್ಟುಕೊಡುವ ಮೊತ್ತ ಅಲ್ಪವಾಗಿದ್ದರೆ ರಾಜಿಗಿಂತ ಪೂರ್ತಿ ಕಟ್ಟುವುದೇ ಮೇಲು. ಬಾಕಿಯು ಹುಟ್ಟುವಳಿಗೆ ಮೀರಿ ಬೆಳೆದಿದ್ದಲ್ಲಿ ಮಾತ್ರ ರಾಜಿಯು ಯೋಗ್ಯ. ತೀರದ ಬಾಕಿಗಿಂತ ರಾಜಿಯಾದ ಬಾಕಿ ಎಷ್ಟೋ ಉತ್ತಮ. ಮೊದಲು ರಾಜಿ ಮಾಡಿಕೊಂಡವರು ಆಮೇಲೆ ಅನುಕೂಲವಾದಾಗ ಬಿಟ್ಟ ಮೊತ್ತವನ್ನೂ ಕಟ್ಟಿ, ಗುರುತನ್ನು ‘ಮುಕ್ತಾಯ’ವೆಂದು ಬದಲಾಯಿಸುವಂತೆ ಬ್ಯಾಂಕನ್ನು ಕೇಳಬಹುದು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ನ್ಯಾಯಾಲಯಗಳಲ್ಲಿ ನಡೆಯುವ ಲೋಕ ಅದಾಲತ್ತುಗಳಲ್ಲಿಯೂ ಸಾಲದ ರಾಜಿಗಳಾಗುತ್ತವೆ. ಅಲ್ಲಿ ಆದ ತೀರ್ಮಾನವು ಕೋರ್ಟಿನ ಡಿಕ್ರಿಗೆ ಸಮನಾದದ್ದು, ಅದರ ಮೇಲೆ ಅಪೀಲು ಇರುವುದಿಲ್ಲ.

ಮೂರನೆಯದು, ಬಾಕಿಯಾಗುವುದಕ್ಕೆ ಮುಂಚೆಯೇ ಅವಧಿಯನ್ನು ಮುಂದಕ್ಕೆ ಹಾಕಿಸಿಕೊಳ್ಳುವುದು. ರಿಜರ್ವ್ ಬ್ಯಾಂಕಿನ ೨೦೧೮ರ ನಿರ್ದೇಶನಗಳಲ್ಲಿ, ಪ್ರಕೃತಿ ವಿಕೋಪವೆಂದು ಸಾರಲ್ಪಟ್ಟ ಪ್ರದೇಶದಲ್ಲಿ ಬೆಳೆಯ ನಷ್ಟವು ಶೇಕಡಾ ೩೩ರಿಂದ ೫೦ರವರೆಗೆ ಇದ್ದಲ್ಲಿ ಎರಡು ವರ್ಷಗಳವರೆಗೂ, ೫೦ಕ್ಕೆ ಮೀರಿದಲ್ಲಿ ಐದು ವರ್ಷಗಳವರೆಗೂ ಸಾಲದ ಅವಧಿಯನ್ನು ವಿಸ್ತರಿಸಲು ಅವಕಾಶವನ್ನು ಕೊಟ್ಟಿದ್ದಿತು. ಬರದ ವರ್ಷ ಬ್ಯಾಂಕಿಗೆ ಹೋಗಿ ಇಂತಹ ಸೌಕರ್ಯವಿದೆಯೇ ಎಂದು ಕೇಳುವುದು ರೈತನ ಕರ್ತವ್ಯ. ಬೆಳೆಸಾಲವು ಅಲ್ಪಾವಧಿ ಬೆಳೆಗಳ ವಿಷಯದಲ್ಲಿ ಎರಡು ಫಸಲುಗಳ ಕಾಲ, ದೀರ್ಘಾವಧಿ ಬೆಳೆಗಳ ವಿಷಯದಲ್ಲಿ ಒಂದು ಫಸಲಿನ ಕಾಲ ಬಾಕಿ ನಿಂತರೆ ಮಾತ್ರ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲವಾಗುತ್ತದೆ. ತಿಂಗಳ ಕಂತಿನ ಸಾಲಗಳಿಗಾದರೋ ತೊಂಬತ್ತು ದಿನಗಳಷ್ಟೇ ವಾಯಿದೆ. ಆದುದರಿಂದ ಕೈಯಲ್ಲಿ ಅಲ್ಪ ಹಣವಿರುವಾಗ ಯಾವುದನ್ನು ಮೊದಲು ಕಟ್ಟಬೇಕೆಂಬುದನ್ನು ಈ ಅವಧಿಗಳನ್ನು ನೋಡಿ ಗೊತ್ತುಮಾಡಿಕೊಳ್ಳತಕ್ಕದ್ದು.

ಸರ್ಕಾರದ ಸಾಲಮನ್ನಾ ಬರುವುದೆಂದು ಕಾದು ಕುಳಿತು ಕಂತನ್ನು ನಿಲ್ಲಿಸುವ ರೂಢಿಯು ಹಾನಿಕರವಾದದ್ದು. ೨೦೦೮ರಲ್ಲಿ ಕೇಂದ್ರ ಸರ್ಕಾರವೂ ೨೦೧೮ರಲ್ಲಿ ರಾಜ್ಯ ಸರ್ಕಾರವೂ ಮನ್ನಾ ಮಾಡಿದ್ದು ನಿಜ. ಆದರೆ ಅವುಗಳಿಗೆ ದಿನಾಂಕದ, ಮೊತ್ತದ ಮಿತಿಗಳಿದ್ದುವು, ಬೆಳೆಸಾಲವಲ್ಲದ ಅನೇಕ ಸಾಲಗಳು ಹೊರಗೆ ಉಳಿದುವು. ಮನ್ನಾ ಪಡೆದವರು ತಮ್ಮ ಲೆಕ್ಕವು ಪೂರ್ತಿ ಮುಗಿದಿದೆಯೇ, ವ್ಯತ್ಯಾಸದ ಮೊತ್ತವೇನಾದರೂ ಉಳಿದಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ವಿಚಾರಿಸಿ ಬೇಬಾಕಿ ಪತ್ರವನ್ನು ಪಡೆಯುವುದು ಅವಶ್ಯ.

೫. ಪಹಣಿಯ ಮೇಲಿನ ಋಣವನ್ನು ತೆಗೆಸುವುದು

ಹಣ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕರ್ನಾಟಕದ ೧೯೭೪ರ ವ್ಯವಸಾಯ ಸಾಲ ವ್ಯವಹಾರಗಳ ಕಾಯಿದೆಯಂತೆ ರೈತನು ಬ್ಯಾಂಕಿಗೆ ಬರೆದುಕೊಡುವ ಘೋಷಣೆಯಿಂದಲೇ ಜಮೀನಿನ ಮೇಲೆ ಋಣ ಬೀಳುತ್ತದೆ. ಅದು ಪಹಣಿಯ ೧೧ನೆಯ ಕಾಲಮಿನಲ್ಲಿ, ಇತರ ಹಕ್ಕುಗಳು ಮತ್ತು ಋಣಗಳು ಎಂಬಲ್ಲಿ, ಬ್ಯಾಂಕಿನ ಹೆಸರು ಮೊತ್ತಗಳೊಡನೆ ದಾಖಲಾಗುತ್ತದೆ. ಸಾಲ ತೀರಿ ಹತ್ತು ವರ್ಷಗಳಾದರೂ ಈ ನಮೂದು ಹಾಗೆಯೇ ಉಳಿದಿರುವ ಜಮೀನುಗಳು ಬೇಕಾದಷ್ಟಿವೆ. ತಂದೆಯ ಕಾಲದಲ್ಲಿ ಪಂಪುಸೆಟ್ಟಿಗೆ ಪಡೆದ ಸಾಲದ ಋಣವು ಮಗನ ಅರ್ಜಿಗೆ ಅಡ್ಡಿಯಾಗುವುದು ಹೀಗೆಯೇ.

ಆದಕಾರಣ ಸಾಲ ತೀರಿದ ದಿನವೇ ಬ್ಯಾಂಕಿನಿಂದ ಬೇಬಾಕಿ ಪತ್ರವನ್ನೂ, ಋಣವನ್ನು ತೆಗೆಯುವಂತೆ ಕಂದಾಯ ಇಲಾಖೆಗೆ ಬರೆದ ಪತ್ರವನ್ನೂ ಕೇಳಬೇಕು. ನೋಂದಾಯಿತ ಆಧಾರ ಪತ್ರವಿದ್ದಲ್ಲಿ ಅದರ ವಿಮೋಚನಾ ಪತ್ರವೂ ನೋಂದಾವಣೆಯಾಗಬೇಕು. ಬಳಿಕ ಹೊಸ ಪಹಣಿಯನ್ನೂ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರವನ್ನೂ ತೆಗೆಸಿ, ಎರಡರಲ್ಲಿಯೂ ನಮೂದು ಹೋಗಿದೆಯೆಂದು ಕಣ್ಣಾರೆ ನೋಡಬೇಕು. ಪಹಣಿಯು ಶುದ್ಧವಾಗಿದ್ದು ಋಣಭಾರ ಪತ್ರದಲ್ಲಿ ಹಳೆಯ ಆಧಾರವೋ ಭೋಗ್ಯವೋ ಉಳಿದಿದ್ದರೆ ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ನೆರೆಹೊರೆಯವರಿಗೆ ಹಿಂದೆ ಭೋಗ್ಯಕ್ಕೆ ಕೊಟ್ಟು ಬಿಡಿಸಿಕೊಂಡ ಜಮೀನಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಯಿಮಾತಿನಲ್ಲಿ ಬಿಡಿಸಿಕೊಂಡದ್ದು ದಾಖಲೆಯಲ್ಲಿ ಬಿಡುಗಡೆಯಾಗಿರುವುದಿಲ್ಲ.

ಮನೆ ಸಾಲ ಮೊದಲಾದ ವೈಯಕ್ತಿಕ ಸಾಲಗಳ ವಿಷಯದಲ್ಲಿ, ಪೂರ್ತಿ ತೀರಿದ ಮೂವತ್ತು ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸತಕ್ಕದ್ದೆಂದೂ, ಬ್ಯಾಂಕಿನ ದೋಷದಿಂದ ತಡವಾದಲ್ಲಿ ದಿನಕ್ಕೆ ೫,೦೦೦ ರೂಪಾಯಿ ಪರಿಹಾರ ಕೊಡತಕ್ಕದ್ದೆಂದೂ ರಿಜರ್ವ್ ಬ್ಯಾಂಕಿನ ಆಜ್ಞೆಯು ೨೦೨೩ರ ಡಿಸೆಂಬರ್ ೧ರಿಂದ ಜಾರಿಗೆ ಬಂದಿತು.

೬. ಹಕ್ಕಿನ ಪತ್ರಗಳು

ಹಳೆಯ ಬಾಕಿಯಿರುವವನ ಅರ್ಜಿಯನ್ನು ಬ್ಯಾಂಕು ಹೆಚ್ಚು ಸೂಕ್ಷ್ಮವಾಗಿ ನೋಡುವುದರಿಂದ ಹಕ್ಕಿನ ವಿಷಯದಲ್ಲಿ ಯಾವ ಸಂದೇಹಕ್ಕೂ ಎಡೆಯಿರಕೂಡದು.

ತಾತನ ಅಥವಾ ತಂದೆಯ ಹೆಸರಿನಲ್ಲಿಯೇ ಪಹಣಿಯಿದ್ದಲ್ಲಿ ಮರಣದ ಪತ್ರವನ್ನೂ ವಂಶವೃಕ್ಷವನ್ನೂ ಒದಗಿಸಿ ಪೌತಿ ಖಾತೆ ಮಾಡಿಸಬೇಕು. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ಹಕ್ಕಿರುವ ಕಾರಣ, ಮದುವೆಯಾಗಿ ಹೋದ ಅಕ್ಕತಂಗಿಯರ ಒಪ್ಪಿಗೆಯನ್ನೂ ಬ್ಯಾಂಕು ಕೇಳುತ್ತದೆ. ಇದನ್ನು ಕೊನೆಯ ಗಳಿಗೆಗೆ ಬಿಡಬಾರದು. ಜಂಟಿ ಪಹಣಿಯಿದ್ದಲ್ಲಿ ಪಾಲುಪತ್ರವನ್ನು ನೋಂದಾಯಿಸಿ, ಪೋಡಿ ಮಾಡಿಸಿ, ತನ್ನ ಭಾಗಕ್ಕೆ ಬೇರೆ ನಂಬರು ಪಡೆಯುವುದು ಒಳ್ಳೆಯದು. ಸರ್ಕಾರದಿಂದ ಮಂಜೂರಾದ ಜಮೀನಾದರೆ ಮಂಜೂರಾತಿಯ ಆಜ್ಞೆಯಲ್ಲಿರುವ ಷರತ್ತುಗಳನ್ನು ಮೊದಲು ಓದಿಸತಕ್ಕದ್ದು.

ಊರಿನ ಹೆಸರಿನಲ್ಲಿಯೂ ಜಾಗರೂಕತೆ ಬೇಕು. ಮದ್ದೂರೆಂದರೆ ಹೊರಗಿನವರಿಗೆ ಮಂಡ್ಯ ಜಿಲ್ಲೆಯ ಮದ್ದೂರು ಮೊದಲು ತೋರುವುದು. ದೂರದ ಕಚೇರಿಯಲ್ಲಿ ಅರ್ಜಿಯನ್ನು ಪರಿಶೀಲಿಸುವವರಿಗೆ ಗೊಂದಲವಾಗದಂತೆ ಎಲ್ಲ ಕಾಗದಗಳಲ್ಲಿಯೂ ಹೋಬಳಿ, ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ ಎಂದು ಪೂರ್ತಿಯಾಗಿ ಬರೆಯಬೇಕು. ಚಾಮರಾಜನಗರವು ೧೯೯೭ರಲ್ಲಿ ಬೇರೆ ಜಿಲ್ಲೆಯಾದುದರಿಂದ ಅದಕ್ಕೆ ಹಿಂದಿನ ಪತ್ರಗಳಲ್ಲಿ ಮೈಸೂರು ಜಿಲ್ಲೆಯೆಂದಿರುತ್ತದೆ, ಇದು ದೋಷವಲ್ಲ.

೭. ಕೇಳಬೇಕಾದ ಮೊತ್ತ

ಹಿಂದೆ ಕಂತು ತಪ್ಪಿದವನು ಜಮೀನಿನ ಬೆಲೆ ಹೆಚ್ಚಾಗಿದೆಯೆಂದು ದೊಡ್ಡ ಮೊತ್ತವನ್ನು ಕೇಳಿದರೆ ಅರ್ಜಿ ಬಿದ್ದುಹೋಗುವ ಸಂಭವವೇ ಹೆಚ್ಚು. ಬ್ಯಾಂಕಿಗೆ ಜಮೀನನ್ನು ಮಾರುವ ಇಚ್ಛೆಯಿಲ್ಲ, ಕಂತು ಬರಬೇಕೆಂಬ ಇಚ್ಛೆಯಿದೆ. ೨೦೦೨ರ ಸರ್ಫೇಸಿ ಕಾಯಿದೆಯು ವ್ಯವಸಾಯದ ಭೂಮಿಗೆ ಅನ್ವಯಿಸುವುದಿಲ್ಲವಾಗಿ ವಸೂಲಿಯೂ ಸುಲಭವಲ್ಲ. ಆದುದರಿಂದ ಬ್ಯಾಂಕು ಜಮೀನಿನ ಬೆಲೆಯ ಜೊತೆಗೆ ಹುಟ್ಟುವಳಿಯನ್ನೂ ನೋಡುತ್ತದೆ. ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು.

ವರ್ಷದ ಒಟ್ಟು ಹುಟ್ಟುವಳಿ: ರೂ. ೩,೬೦,೦೦೦
ಬೇಸಾಯದ ವೆಚ್ಚ: ರೂ. ೧,೭೦,೦೦೦
ಸಂಸಾರದ ವೆಚ್ಚ: ರೂ. ೧,೧೦,೦೦೦
ಈಗಿರುವ ಸಾಲದ ಕಂತು: ರೂ. ೨೦,೦೦೦
ಉಳಿಕೆ: ರೂ. ೬೦,೦೦೦

ಈ ರೈತನು ಶೇಕಡಾ ೧೦ರ ಬಡ್ಡಿಯಲ್ಲಿ ಏಳು ಸಮನಾದ ವಾರ್ಷಿಕ ಕಂತುಗಳಿಗೆ ೩,೦೦,೦೦೦ ರೂಪಾಯಿ ಕೇಳಿದರೆ ವರ್ಷದ ಕಂತು ಸುಮಾರು ೬೧,೬೦೦ ರೂಪಾಯಿಯಾಗಿ, ಉಳಿಕೆಯನ್ನು ಮೀರುತ್ತದೆ. ಒಳ್ಳೆಯ ವರ್ಷದಲ್ಲಿಯೂ ಬಾಕಿ ನಿಲ್ಲುತ್ತದೆ. ೨,೦೦,೦೦೦ ರೂಪಾಯಿಯನ್ನೇ ಕೇಳಿದರೆ ಕಂತು ಸುಮಾರು ೪೧,೧೦೦ ಆಗಿ, ಕೆಟ್ಟ ವರ್ಷದ ಅವಶ್ಯಕತೆಗೆಂದು ೧೮,೯೦೦ ರೂಪಾಯಿ ಕೈಯಲ್ಲಿರುತ್ತದೆ. ೩,೦೦,೦೦೦ವೇ ಬೇಕಾದಲ್ಲಿ ಅವಧಿಯನ್ನು ಹತ್ತು ವರ್ಷಕ್ಕೆ ಹೆಚ್ಚಿಸಿದರೆ ಕಂತು ಸುಮಾರು ೪೮,೮೦೦ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಬಡ್ಡಿಯು ಸುಮಾರು ೧,೩೧,೦೦೦ದಿಂದ ೧,೮೮,೦೦೦ಕ್ಕೆ ಏರುತ್ತದೆ. ಪ್ರತಿಯೊಬ್ಬನೂ ಇಂತಹ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅರ್ಜಿಯೊಡನೆ ಸೇರಿಸುವುದು ಹಿತಕರ.

ಕಂತಿನ ಕಾಲವನ್ನೂ ಫಸಲಿಗೆ ಹೊಂದಿಸಿ ಕೇಳಬೇಕು. ಅರಿಸಿನವು ಸಾಮಾನ್ಯವಾಗಿ ಜನವರಿಯಿಂದ ಮಾರ್ಚಿಯವರೆಗೆ ಕೊಯ್ಲಿಗೆ ಬರುವುದರಿಂದ ಅದನ್ನು ನಂಬಿದವನಿಗೆ ಏಪ್ರಿಲಿನ ಕಂತು ಅನುಕೂಲ. ಮುಂಗಾರಿನ ಹೂವು, ಸೂರ್ಯಕಾಂತಿಗಳನ್ನು ನಂಬಿದವನಿಗೆ ಅವು ಮಾರಾಟವಾದ ಮೇಲಿನ ಕಂತು ಅನುಕೂಲ. ಫಸಲಿಲ್ಲದ ತಿಂಗಳಲ್ಲಿ ಕಂತು ಬಿದ್ದರೆ ಕೈಸಾಲ ಮಾಡಿ ಕಟ್ಟಬೇಕಾಗುವುದು.

೮. ಅರ್ಜಿಯೊಡನೆ ಕೊಡಬೇಕಾದ ವಿವರಣೆ

ಹಿಂದಿನ ಬಾಕಿಯ ಸಂಗತಿಯನ್ನು ಬ್ಯಾಂಕು ತಾನಾಗಿ ಕಂಡುಹಿಡಿಯುವುದಕ್ಕಿಂತ ಅರ್ಜಿದಾರನೇ ಮೊದಲು ಹೇಳುವುದು ಒಳ್ಳೆಯದು. ಯಾವ ಸಾಲ, ಯಾವ ವರ್ಷ ತಪ್ಪಿತು, ಏತಕ್ಕೆ ತಪ್ಪಿತು, ಯಾವಾಗ ತೀರಿತು ಎಂಬುದನ್ನು ಅರ್ಧ ಪುಟದಲ್ಲಿ ಬರೆದು, ಕಾರಣಕ್ಕೆ ಆಧಾರವನ್ನು ಲಗತ್ತಿಸಬೇಕು. ಆನೆಯ ಹಾವಳಿಗೆ ಅರಣ್ಯ ಇಲಾಖೆಗೆ ಸಲ್ಲಿಸಿದ ಪರಿಹಾರದ ಅರ್ಜಿ, ಬರದ ವರ್ಷದ ಬೆಳೆ ಪರಿಹಾರ ಜಮೆಯಾದ ಪಾಸುಪುಸ್ತಕದ ಹಾಳೆ, ಬೆಳೆ ವಿಮೆಯ ರಸೀತಿ, ಆಸ್ಪತ್ರೆಯ ಬಿಲ್ಲು ಇವು ಉಪಯೋಗಕ್ಕೆ ಬರುತ್ತವೆ. ಒಂದು ವರ್ಷದ ಬರದಿಂದ ಆದ ಬಾಕಿಗೂ, ವರ್ಷವರ್ಷವೂ ಆದ ಬಾಕಿಗೂ ಇರುವ ಭೇದವನ್ನು ಮ್ಯಾನೇಜರು ಇದರಿಂದ ತಿಳಿಯುತ್ತಾನೆ.

ಮಾರುಕಟ್ಟೆಯ ಹಣವನ್ನು ಕೈಯಲ್ಲಿ ಪಡೆಯದೆ ಖಾತೆಗೆ ಜಮೆ ಮಾಡಿಸುವುದರಿಂದ ಹುಟ್ಟುವಳಿಗೆ ಸಾಕ್ಷ್ಯ ದೊರೆಯುತ್ತದೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಮಾರಿದ ಚೀಟಿಗಳನ್ನು ಎಸೆಯದೆ ಒಂದು ಕಡತದಲ್ಲಿಡಬೇಕು. ಬಾಕಿ ತೀರಿದೊಡನೆಯೇ ದೊಡ್ಡ ಸಾಲಕ್ಕೆ ಹೋಗದೆ, ಒಂದು ಅಲ್ಪ ಬೆಳೆಸಾಲವನ್ನೋ ಒಡವೆಯ ಸಾಲವನ್ನೋ ಪಡೆದು ಒಂದು ವರ್ಷ ತಪ್ಪದೆ ಕಟ್ಟಿದಲ್ಲಿ, ಹಳೆಯ ಕಪ್ಪು ಗುರುತಿನ ಮೇಲೆ ಹೊಸ ಬಿಳಿಯ ಗುರುತು ಬೀಳುತ್ತದೆ. ನಿಯಮಿತ ವರಮಾನವುಳ್ಳ ಮಗನನ್ನೋ ಮಗಳನ್ನೋ ಸಹಸಾಲಗಾರರಾಗಿ ಸೇರಿಸುವುದು ಸಹ ಬಲವನ್ನು ಕೊಡುತ್ತದೆ. ಆದರೆ ಕಂತು ತಪ್ಪಿದರೆ ಅವರ ಪತ್ರವೂ ಕೆಡುವುದೆಂಬುದನ್ನು ಅವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಬಾಕಿಯಿಂದ ತಪ್ಪಿಸಿಕೊಳ್ಳಲು ಜಮೀನನ್ನು ಮಕ್ಕಳ ಹೆಸರಿಗೆ ಬರೆದು ಅವರಿಂದ ಅರ್ಜಿ ಹಾಕಿಸುವುದು ಕೂಡದು. ಸಾಲಗಾರರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು.

೯. ಎಲ್ಲಿ ಕೇಳುವುದು, ನಿರಾಕರಿಸಿದರೆ ಏನು ಮಾಡುವುದು

ಬಾವಿ, ಹನಿ ನೀರಾವರಿ, ತೋಟ, ಭೂಮಿಯ ಸುಧಾರಣೆ ಇವುಗಳಿಗೆ ಸಹಕಾರಿ ಸಂಸ್ಥೆಗಳಲ್ಲಿ ಮೊದಲು ವಿಚಾರಿಸುವುದು ಯುಕ್ತ. ೨೦೨೩ರ ಜುಲೈ ತಿಂಗಳ ರಾಜ್ಯದ ಆಯವ್ಯಯದಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ೫ ಲಕ್ಷ ರೂಪಾಯಿಗೂ, ಶೇಕಡಾ ೩ರ ಬಡ್ಡಿಯ ಮಧ್ಯಮ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು ೧೫ ಲಕ್ಷ ರೂಪಾಯಿಗೂ ಏರಿಸಲಾಯಿತು. ಈ ರಿಯಾಯಿತಿಗಳು ಕಾಲಕ್ಕೆ ಸರಿಯಾಗಿ ಕಟ್ಟುವವರಿಗೆ ಮಾತ್ರ ಸಲ್ಲುವುವು. ಬಾಕಿಯಾದರೆ ಪೂರ್ತಿ ಬಡ್ಡಿ ಬೀಳುವುದು. ಇನ್ನು ೨೦೨೫ರ ಜನವರಿ ೧ರಿಂದ ೨ ಲಕ್ಷ ರೂಪಾಯಿಗಳವರೆಗಿನ ವ್ಯವಸಾಯ ಸಾಲಕ್ಕೆ ಬ್ಯಾಂಕುಗಳು ಆಧಾರವನ್ನು ಕೇಳಕೂಡದೆಂದು ರಿಜರ್ವ್ ಬ್ಯಾಂಕು ಗೊತ್ತುಪಡಿಸಿರುವುದರಿಂದ, ಅಷ್ಟೇ ಹಣ ಸಾಕಾಗುವವರು ಜಮೀನನ್ನು ಅಡವಿಡುವ ಅವಶ್ಯಕತೆಯೇ ಇಲ್ಲ.

ಅರ್ಜಿಯನ್ನು ನಿರಾಕರಿಸಿದಲ್ಲಿ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಕಾರಣ ಗೊತ್ತಾದರೆ ಅದನ್ನು ಸರಿಪಡಿಸಲು ದಾರಿಯುಂಟು. ಗೊತ್ತಿಲ್ಲದೆ ಮತ್ತೊಂದು ಬ್ಯಾಂಕಿಗೆ ಓಡಿದರೆ ಅಲ್ಲಿಯೂ ಅದೇ ಉತ್ತರ. ಬ್ಯಾಂಕಿನ ಅಥವಾ ಮಾಹಿತಿ ಸಂಸ್ಥೆಯ ತಪ್ಪಿದ್ದು, ದೂರು ಕೊಟ್ಟು ಮೂವತ್ತು ದಿನಗಳಾದರೂ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಖರ್ಚಿಲ್ಲದೆ ದೂರು ಸಲ್ಲಿಸಬಹುದು. ಪ್ರಾಥಮಿಕ ಸಹಕಾರ ಸಂಘದ ಲೆಕ್ಕದಲ್ಲಿ ತಕರಾರಿದ್ದಲ್ಲಿ ಸಹಕಾರ ಇಲಾಖೆಯ ಸಹಾಯಕ ನಿಬಂಧಕರಿಗೆ ಅರಿಕೆ ಮಾಡಿಕೊಳ್ಳತಕ್ಕದ್ದು.

ಸಾರಾಂಶ

(೧) ಅರ್ಜಿಗೆ ಆರು ತಿಂಗಳ ಮುಂಚೆ ಸಾಲದ ಚರಿತ್ರೆಯ ಪತ್ರವನ್ನು ತರಿಸಿ ನೋಡಿ, ತಪ್ಪುಗಳನ್ನು ತಿದ್ದಿಸ ಬೇಕು.

(೨) ಬಾಕಿಯನ್ನು ಸಾಧ್ಯವಾದ ಮಟ್ಟಿಗೆ ಪೂರ್ತಿ ತೀರಿಸಬೇಕು. ಆಗದಿದ್ದಲ್ಲಿ ಮಾತ್ರ ರಾಜಿ.

(೩) ಬೇಬಾಕಿ ಪತ್ರವನ್ನು ಪಡೆದು, ಪಹಣಿಯಿಂದಲೂ ಋಣಭಾರ ಪತ್ರದಿಂದಲೂ ಹಳೆಯ ನಮೂದನ್ನು ತೆಗೆಸಬೇಕು.

(೪) ಪೌತಿ ಖಾತೆ, ಪಾಲು, ಪೋಡಿಗಳನ್ನು ಮುಂಚಿತವಾಗಿಯೇ ಮುಗಿಸಿಕೊಳ್ಳಬೇಕು.

(೫) ಅಲ್ಪ ಸಾಲವನ್ನು ಒಂದು ವರ್ಷ ಕ್ರಮವಾಗಿ ಕಟ್ಟಿ ತೋರಿಸಬೇಕು.

(೬) ಹುಟ್ಟುವಳಿಯ ಉಳಿಕೆಗೆ ಮೀರದ ಮೊತ್ತವನ್ನು, ಫಸಲಿಗೆ ಹೊಂದಿದ ಕಂತಿನಲ್ಲಿ ಕೇಳಬೇಕು.

(೭) ಹಿಂದೆ ತಪ್ಪಿದ್ದಕ್ಕೆ ಕಾರಣವನ್ನು ಆಧಾರ ಸಹಿತ ಬರೆದುಕೊಡಬೇಕು.

(೮) ಬರದ ವರ್ಷ ಬಂದರೆ ಬಾಕಿಯಾಗುವ ಮುಂಚೆಯೇ ಬ್ಯಾಂಕಿಗೆ ಹೋಗಿ ಅವಧಿಯ ವಿಸ್ತರಣೆಯನ್ನು ಕೇಳಬೇಕು.

ಈ ಕ್ರಮಕ್ಕೆ ಒಂದು ವರ್ಷವೋ ಒಂದೂವರೆ ವರ್ಷವೋ ಹಿಡಿಯಬಹುದು. ಬಾವಿ ಬತ್ತಿದ ದಿನ ಬ್ಯಾಂಕಿಗೆ ಹೋಗುವುದಕ್ಕಿಂತ, ಬಾವಿಯಲ್ಲಿ ನೀರಿರುವಾಗಲೇ ದಾಖಲೆಗಳನ್ನು ಶುದ್ಧಮಾಡಿಟ್ಟುಕೊಂಡವನಿಗೆ ಬೇಕಾದಾಗ ಸಾಲ ಸಿಕ್ಕುವುದು, ಜಮೀನೂ ಮನೆತನದಲ್ಲಿ ಉಳಿಯುವುದು.